ಸಂಶೋಧನಾ ಉಪನ್ಯಾಸ ಕೇಳುವುದು ಹೇಗೆ? ಪರದೆಯ ಮೇಲಿನ ಅಂಕಿ, ಗೆರೆ, ಚಿತ್ರಗಳ ಒಳಗುಟ್ಟು

ಫೆಬ್ರವರಿ ಕೊನೆಯ ವಾರ ಬಂತೆಂದರೆ ವಿಶ್ವವಿದ್ಯಾಲಯಗಳ ವಿಜ್ಞಾನ ವಿಭಾಗಗಳಲ್ಲಿ ಉಪನ್ಯಾಸಗಳ ಸುಗ್ಗಿ. ಸಿ.ವಿ. ರಾಮನ್ ತಮ್ಮ ಹೆಸರಿನ ಪರಿಣಾಮವನ್ನು ಕಂಡುಹಿಡಿದದ್ದು 1928ರ ಫೆಬ್ರವರಿ 28ರಂದು. 1987ರಿಂದ ಆ ದಿನವನ್ನು ರಾಷ್ಟ್ರೀಯ ವಿಜ್ಞಾನ ದಿನವಾಗಿ ಆಚರಿಸುತ್ತ ಬಂದಿದ್ದಾರೆ. ಕಲಬುರಗಿಯಲ್ಲಿ ಇರುವವರಿಗೆ ಇಂಥ ಉಪನ್ಯಾಸ ಕೇಳಲು ದೂರ ಹೋಗಬೇಕಿಲ್ಲ. ಸೇಡಂ ರಸ್ತೆಯ ಜ್ಞಾನಗಂಗಾ ಆವರಣದಲ್ಲಿ 1980ರಲ್ಲಿ ಶುರುವಾದ ಗುಲಬರ್ಗಾ ವಿಶ್ವವಿದ್ಯಾಲಯವಿದೆ, ಆಳಂದ ರಸ್ತೆಯ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಬೀದರ್‌ನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇದೆ.

ಆದರೆ ಹೊರಗಿನವರು ಸಭಾಂಗಣಕ್ಕೆ ಹೋಗಿ ಕೂತರೆ ಹತ್ತು ನಿಮಿಷಕ್ಕೆ ದಾರಿ ತಪ್ಪುತ್ತದೆ. ಪರದೆಯ ಮೇಲೆ ಗೆರೆಗಳು, ನಕ್ಷತ್ರ ಚಿಹ್ನೆಗಳು, ‘ಪಿ ಮೌಲ್ಯ 0.05ಕ್ಕಿಂತ ಕಡಿಮೆ’ ಎಂಬಂಥ ಮಾತು. ಮರುದಿನ ಮೊಬೈಲ್‌ಗೆ ‘ತೊಗರಿ ರೋಗಕ್ಕೆ ಸಿಕ್ಕಿತು ಮದ್ದು’ ಎಂಬ ಸುದ್ದಿ ಬರುತ್ತದೆ. ಸಭಾಂಗಣದಲ್ಲಿ ಹೇಳಿದ್ದಕ್ಕೂ ಸುದ್ದಿಯಲ್ಲಿ ಬಂದದ್ದಕ್ಕೂ ಎಷ್ಟು ಅಂತರ ಎಂದು ತಿಳಿಯಲು ಒಂದಿಷ್ಟು ಮೂಲ ವಿಷಯ ಗೊತ್ತಿದ್ದರೆ ಸಾಕು. ಗಣಿತ ಹೆಚ್ಚು ಬೇಕಿಲ್ಲ.

ಪಾಠ ಬೇರೆ, ಸಂಶೋಧನಾ ಉಪನ್ಯಾಸ ಬೇರೆ

ತರಗತಿಯ ಪಾಠದಲ್ಲಿ ಈಗಾಗಲೇ ಇತ್ಯರ್ಥವಾದ ವಿಷಯ ಹೇಳುತ್ತಾರೆ. ಸಂಶೋಧನಾ ಉಪನ್ಯಾಸದಲ್ಲಿ ಇನ್ನೂ ಇತ್ಯರ್ಥವಾಗದ್ದನ್ನು ಮುಂದಿಡುತ್ತಾರೆ. ‘ನಾನು ಈ ಪ್ರಶ್ನೆ ಕೇಳಿದೆ, ಹೀಗೆ ಅಳೆದೆ, ಇಷ್ಟು ಸಿಕ್ಕಿತು, ಇದರಲ್ಲಿ ತೂತು ಇದ್ದರೆ ತೋರಿಸಿ’ ಎನ್ನುವುದು ಅದರ ಒಟ್ಟು ತಾತ್ಪರ್ಯ. ಹಾಗಾಗಿ ಕೇಳುಗರು ತೀರ್ಮಾನಕ್ಕಿಂತ ಮೊದಲು ಹುಡುಕಬೇಕಾದದ್ದು ಮೂರು ಸಂಗತಿ: ಯಾವುದನ್ನು ಯಾವುದರ ಜೊತೆ ಹೋಲಿಸಿದರು, ಎಷ್ಟು ಸಲ ಅಳೆದರು, ಅಳತೆಯಲ್ಲಿ ಎಷ್ಟು ಏರುಪೇರು ಇತ್ತು. ಈ ಮೂರು ಸಿಕ್ಕರೆ ಉಳಿದ ಪರಿಭಾಷೆ ಅರ್ಥವಾಗದಿದ್ದರೂ ನಡೆಯುತ್ತದೆ.

ವಾರದ ವೇಳಾಪಟ್ಟಿಯಲ್ಲಿ ಎಲ್ಲ ಉಪನ್ಯಾಸಗಳೂ ಒಂದೇ ತೂಕದವಲ್ಲ. ಪ್ರಧಾನ ಉಪನ್ಯಾಸ ಸಾಮಾನ್ಯವಾಗಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಇರುತ್ತದೆ. ಒಂದು ಕ್ಷೇತ್ರದಲ್ಲಿ ಹಲವು ವರ್ಷ ನಡೆದ ಕೆಲಸವನ್ನು ಅದರಲ್ಲಿ ಒಟ್ಟಾಗಿ ಹೇಳುತ್ತಾರೆ. ವಿಷಯಕ್ಕೆ ಹೊಸಬರು ಮೊದಲು ಕೇಳಬೇಕಾದದ್ದು ಇದನ್ನೇ. ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಸಿಗುವುದು ಹತ್ತರಿಂದ ಹದಿನೈದು ನಿಮಿಷ, ಅದರಲ್ಲೇ ಪ್ರಶ್ನೆಗೂ ಎರಡು ಮೂರು ನಿಮಿಷ. ಅಧ್ಯಕ್ಷರ ಗಂಟೆ ಬಾರಿಸಿದ ಮೇಲೆ ಓಡಿಸುವ ಕೊನೆಯ ನಾಲ್ಕು ಸ್ಲೈಡುಗಳಲ್ಲೇ ಅನೇಕ ಸಲ ಮುಖ್ಯ ಫಲಿತಾಂಶ ಇರುತ್ತದೆ, ಏನು ಮಾಡೋಣ. ಅದಕ್ಕೇ ಮುಂಚಿತವಾಗಿ ಕೊಡುವ ಸಾರಾಂಶ ಪುಸ್ತಕ ಓದಿಕೊಂಡು ಹೋಗುವುದು ಒಳ್ಳೆಯದು. ಒಂದೊಂದು ಸಾರಾಂಶ 200–300 ಪದ ಅಷ್ಟೇ.

ಪೋಸ್ಟರ್ ಹೊತ್ತನ್ನು ಮಾತ್ರ ಬಿಡಬೇಡಿ. ಸುಮಾರು 84 ಸೆಂ.ಮೀ. ಅಗಲ, 119 ಸೆಂ.ಮೀ. ಎತ್ತರದ ಹಾಳೆಯಲ್ಲಿ ಇಡೀ ಕೆಲಸ ಅಂಟಿಸಿ, ಮಾಡಿದವರೇ ಪಕ್ಕದಲ್ಲಿ ನಿಂತಿರುತ್ತಾರೆ. ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಬಿಡಿಸಿ ಹೇಳುವವರು ಸಿಗುವುದು ಹೆಚ್ಚಾಗಿ ಇಲ್ಲಿಯೇ.

ತೊಗರಿ ನೆಟೆ ರೋಗ: ಒಂದು ಪ್ರಯೋಗವನ್ನು ಬಿಚ್ಚಿ ನೋಡಿದರೆ

ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದೇ ತೊಗರಿ 2022–23ರ ಹಂಗಾಮಿನಲ್ಲಿ ಜಿಲ್ಲೆಯ ಬಹಳ ಹೊಲಗಳಲ್ಲಿ ನೆಟೆ ಹಾಯ್ದು ನಿಂತಲ್ಲೇ ಒಣಗಿತು. ಹಾಗಾಗಿ ಈ ಭಾಗದಲ್ಲಿ ಜೀವವಿಜ್ಞಾನ, ಕೃಷಿ ವಿಜ್ಞಾನದ ಉಪನ್ಯಾಸವೆಂದರೆ ನೆಟೆ ರೋಗದ ಮಾತು ಬಂದೇ ಬರುತ್ತದೆ. ಅದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ.

ನೆಟೆ ರೋಗಕ್ಕೆ ಕಾರಣ ಫ್ಯುಸೇರಿಯಂ ಉಡಮ್ ಎಂಬ ಶಿಲೀಂಧ್ರ. ಅದು ಮಣ್ಣಿನಲ್ಲಿ, ಹಳೆಯ ತೊಗರಿ ಕೂಳೆಯಲ್ಲಿ ಎರಡು ಮೂರು ವರ್ಷ ಬದುಕಿರುತ್ತದೆ. ಬೇರಿನ ಮೂಲಕ ಒಳಹೊಕ್ಕು, ನೀರು ಏರುವ ನಾಳಗಳನ್ನು ಕಟ್ಟಿಹಾಕುತ್ತದೆ. ನೆಲದಲ್ಲಿ ತೇವವಿದ್ದರೂ ಗಿಡ ಬಾಡುವುದು ಅದಕ್ಕೇ. ಕಾಂಡದ ಬುಡದಿಂದ ಮೇಲಕ್ಕೆ ನೇರಳೆ ಬಣ್ಣದ ಪಟ್ಟೆ ಕಾಣುತ್ತದೆ. ಕಾಂಡ ಸೀಳಿದರೆ ಒಳಗೆ ಕಪ್ಪು ಗೆರೆಗಳು. ಒಣ ಬೇರು ಕೊಳೆ ರೋಗದಲ್ಲೂ, ನೀರು ನಿಂತು ಬರುವ ಕಾಂಡ ಮಚ್ಚೆಯಲ್ಲೂ ಗಿಡ ಸಾಯುತ್ತದೆ, ಊರಲ್ಲಿ ಎಲ್ಲಕ್ಕೂ ನೆಟೆ ಎನ್ನುವುದೇ ರೂಢಿ. ಹೀಗಾಗಿ ಎಣಿಕೆ ಮಾಡಿದವರು ಕಾಂಡ ಸೀಳಿ ನೋಡಿದರೋ, ದೂರದಿಂದ ನೋಡಿ ಲೆಕ್ಕ ಬರೆದರೋ ಎನ್ನುವುದು ಸಣ್ಣ ಪ್ರಶ್ನೆಯಲ್ಲ.

ಈಗ ಸಂಶೋಧಕರು ‘ಈ ಹೊಸ ತಳಿ ನೆಟೆ ತಡೆಯುತ್ತದೆ’ ಎನ್ನುತ್ತಾರೆಂದು ಇಟ್ಟುಕೊಳ್ಳಿ. ಹಾಗೆನ್ನಲು ಏನೇನು ಬೇಕು?

ಮೊದಲು, ರೋಗ ಇರುವ ನೆಲ ಬೇಕು. ಶಿಲೀಂಧ್ರ ಇಲ್ಲದ ಹೊಲದಲ್ಲಿ ಎಲ್ಲ ತಳಿಯೂ ಗಟ್ಟಿಯಾಗಿಯೇ ನಿಲ್ಲುತ್ತದೆ. ಅದಕ್ಕಾಗಿ ವರ್ಷ ವರ್ಷ ಅದೇ ಜಾಗದಲ್ಲಿ ತೊಗರಿ ಬೆಳೆದು, ಸತ್ತ ಗಿಡದ ತುಂಡುಗಳನ್ನು ಮಣ್ಣಿಗೆ ಸೇರಿಸಿ ‘ರೋಗದ ತಾಕು’ ಸಿದ್ಧ ಮಾಡಿರುತ್ತಾರೆ. ನಡುನಡುವೆ ಕೆಲವು ಸಾಲುಗಳಿಗೊಮ್ಮೆ ನೆಟೆಗೆ ಸುಲಭವಾಗಿ ಬೀಳುವ ತಳಿಯನ್ನು, ಸಾಮಾನ್ಯವಾಗಿ ಐಸಿಪಿ 2376 ಅನ್ನು, ಬೇಕೆಂದೇ ಬಿತ್ತುತ್ತಾರೆ. ಅದನ್ನು ‘ಚೆಕ್’ ಎನ್ನುತ್ತಾರೆ. ಆ ಸಾಲುಗಳು ಬಹುಪಾಲು ಸತ್ತಿದ್ದರೆ ಮಾತ್ರ ತಾಕಿನಲ್ಲಿ ರೋಗ ಸಮನಾಗಿ ಹರಡಿದೆ ಎಂದು ಒಪ್ಪಬಹುದು. ಪರದೆಯ ಮೇಲೆ ಹೊಸ ತಳಿಯಲ್ಲಿ ಶೇ 8 ಗಿಡ ಸತ್ತಿವೆ ಎಂದು ತೋರಿಸಿ, ಚೆಕ್‌ನಲ್ಲಿ ಎಷ್ಟು ಸತ್ತವು ಎಂದು ತೋರಿಸದಿದ್ದರೆ ಆ 8ಕ್ಕೆ ಅರ್ಥವಿಲ್ಲ. ಚೆಕ್‌ನಲ್ಲಿ 90 ಇದ್ದರೆ ಅದು ದೊಡ್ಡ ಸಂಗತಿ. ಚೆಕ್‌ನಲ್ಲೂ 10 ಇದ್ದರೆ ಆ ವರ್ಷ ರೋಗವೇ ಬರಲಿಲ್ಲ, ಅಷ್ಟೇ.

ನಂತರ ಎಣಿಕೆ. ಬಾಡಿದ ಗಿಡಗಳನ್ನು ಒಟ್ಟು ಗಿಡಗಳಿಂದ ಭಾಗಿಸಿ ನೂರರಿಂದ ಗುಣಿಸಿದರೆ ರೋಗದ ಶೇಕಡಾ ಬರುತ್ತದೆ. ಹೂ ಬಿಡುವಾಗ ಒಮ್ಮೆ, ಕಾಯಿ ಬಲಿತ ಮೇಲೆ ಮತ್ತೊಮ್ಮೆ ಎಣಿಸಬೇಕು. ಮೊದಲ ಎಣಿಕೆ ಮಾತ್ರ ಹೇಳಿದರೆ ತಡವಾಗಿ ಸಾಯುವ ಗಿಡಗಳು ಲೆಕ್ಕದಿಂದ ಜಾರುತ್ತವೆ. ಶೇ 10ರೊಳಗೆ ಬಾಡಿದ ತಳಿಯನ್ನು ‘ನಿರೋಧಕ’ ಎಂದು ಕರೆಯುವುದು ವಾಡಿಕೆ. ಅಂದರೆ ‘ನಿರೋಧಕ’ ಎಂಬ ಮಾತಿನೊಳಗೇ ಕೆಲವು ಗಿಡ ಸಾಯುತ್ತವೆ ಎನ್ನುವುದು ಸೇರಿದೆ.

ಮೂರನೆಯದು, ಯಾವ ರೋಗಕ್ಕೆ ನಿರೋಧಕ? ‘ಮಾರುತಿ’ ಎಂದು ಹೆಸರಾದ ಐಸಿಪಿ 8863 ತಳಿ ನೆಟೆಯನ್ನು ಚೆನ್ನಾಗಿ ತಡೆಯಿತು. ಆದರೆ ಗೊಡ್ಡು ರೋಗಕ್ಕೆ ಅದು ಎಷ್ಟು ಸುಲಭ ತುತ್ತೆಂದರೆ, ಗೊಡ್ಡು ರೋಗದ ಪ್ರಯೋಗಗಳಲ್ಲಿ ಅದನ್ನೇ ‘ಬೀಳುವ ಚೆಕ್’ ಆಗಿ ಬಿತ್ತುತ್ತಾರೆ. ಗೊಡ್ಡು ರೋಗ ವೈರಸ್‌ನಿಂದ ಬರುತ್ತದೆ, ಬರಿಗಣ್ಣಿಗೆ ಕಾಣದ ನುಸಿಯೊಂದು ಅದನ್ನು ಗಾಳಿಯಲ್ಲಿ ಹೊತ್ತು ತರುತ್ತದೆ. ಎಲೆ ಹಳದಿ ಮಚ್ಚೆಯಾಗಿ, ಗಿಡ ಪೊದೆಯಾಗಿ ಬೆಳೆದು ಹೂವೇ ಬಿಡುವುದಿಲ್ಲ. ಒಂದು ರೋಗದ ನಿರೋಧಕತೆ ಇನ್ನೊಂದಕ್ಕೆ ರಕ್ಷಣೆಯಲ್ಲ.

ಸರಾಸರಿಯ ಮೇಲಿನ ಸಣ್ಣ ಕಡ್ಡಿ

ಹೊಲದ ಒಂದು ಮೂಲೆಯ ಮಣ್ಣು ಇನ್ನೊಂದು ಮೂಲೆಯಂತೆ ಇರುವುದಿಲ್ಲ. ಅದಕ್ಕೇ ಪ್ರತಿ ತಳಿಯನ್ನು ಕನಿಷ್ಠ ಮೂರು ಬೇರೆ ಬೇರೆ ಜಾಗದಲ್ಲಿ, ಚೀಟಿ ಎತ್ತಿದ ಹಾಗೆ ಅದೃಷ್ಟದ ಕೈಗೆ ಬಿಟ್ಟು, ಬಿತ್ತುತ್ತಾರೆ. ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಕೊಳ್ಳುವವರು ಒಂದೇ ಚೀಲದ ಬಾಯಿ ನೋಡಿ ದರ ಕಟ್ಟುವುದಿಲ್ಲ. ನಾಲ್ಕಾರು ಚೀಲಗಳ ನಡುವಿನಿಂದ ಕಾಳು ತೆಗೆದು ನೋಡುತ್ತಾರೆ. ಇದೂ ಅದೇ ಎಚ್ಚರ.

ಈಗ ಲೆಕ್ಕ. ಕೇವಲ ತಿಳಿವಿಗಾಗಿ ಕಲ್ಪಿಸಿದ ಅಂಕಿಗಳಿವು. ‘ಅ’ ತಳಿಯ ಮೂರು ತಾಕುಗಳಲ್ಲಿ ಶೇ 10, 12, 14 ಗಿಡ ಬಾಡಿದವು. ಸರಾಸರಿ 12. ‘ಆ’ ತಳಿಯಲ್ಲಿ 9, 16, 20. ಸರಾಸರಿ 15. ಸರಾಸರಿ ಮಾತ್ರ ನೋಡಿದರೆ ‘ಅ’ ಗೆದ್ದಿತು. ಆದರೆ ‘ಆ’ ತಳಿಯ ಒಂದು ತಾಕು ‘ಅ’ ತಳಿಯ ಎಲ್ಲ ತಾಕುಗಳಿಗಿಂತ ಚೆನ್ನಾಗಿದೆ. ಬೇರೆ ತಾಕುಗಳಲ್ಲಿ ಬಿತ್ತಿದ್ದರೆ ಸರಾಸರಿ ಎಷ್ಟು ಆಚೀಚೆ ಆಗಬಹುದಿತ್ತು ಎಂಬ ಅಂದಾಜಿಗೆ ‘ಸರಾಸರಿಯ ದೋಷ’ ಎನ್ನುತ್ತಾರೆ. ಲೆಕ್ಕ ಹಾಕಿದರೆ ‘ಅ’ ತಳಿಯ ಸರಾಸರಿಯ ದೋಷ ಸುಮಾರು 1.2, ‘ಆ’ ತಳಿಯದು ಸುಮಾರು 3.2. ಎರಡರ ನಡುವಿನ ವ್ಯತ್ಯಾಸ 3, ಆ ವ್ಯತ್ಯಾಸದ ದೋಷವೇ 3.4ರಷ್ಟು. ದೋಷಕ್ಕಿಂತ ವ್ಯತ್ಯಾಸ ಚಿಕ್ಕದಾಯಿತು. ಅಂದಮೇಲೆ ಯಾವ ತಳಿ ಮೇಲು ಎಂದು ಈ ಪ್ರಯೋಗದಿಂದ ಹೇಳಲು ಬರುವುದಿಲ್ಲ.

ಗ್ರಾಫಿನ ಕಂಬದ ತುದಿಯಲ್ಲಿ ಮೇಲೆ ಕೆಳಗೆ ಚಾಚಿದ ಸಣ್ಣ ಕಡ್ಡಿ ಇರುತ್ತದಲ್ಲ, ಅದು ಈ ದೋಷವನ್ನೇ ತೋರಿಸುತ್ತದೆ. ಕಡ್ಡಿಯೇ ಇಲ್ಲದ ಗ್ರಾಫ್ ಬಂದರೆ ಅರ್ಧ ಮಾಹಿತಿ ಮುಚ್ಚಿಟ್ಟಂತೆ. ಕಡ್ಡಿ ಇದ್ದರೂ ಅದು ಅಳತೆಗಳ ಚದುರುವಿಕೆಯೋ ಸರಾಸರಿಯ ದೋಷವೋ ಎಂದು ಹೇಳಿರಬೇಕು. ಮೂರು ಅಳತೆಗಳಿದ್ದರೆ ಸರಾಸರಿಯ ದೋಷದ ಕಡ್ಡಿ ಚದುರುವಿಕೆಯ ಕಡ್ಡಿಯ ಸುಮಾರು ಶೇ 58ರಷ್ಟೇ ಉದ್ದ, ನೋಡಲು ಅಂದವಾಗಿ ಕಾಣುತ್ತದೆ.

ಕೃಷಿ ಉಪನ್ಯಾಸಗಳಲ್ಲಿ ಕಡ್ಡಿಗಿಂತ ಹೆಚ್ಚಾಗಿ ಕೋಷ್ಟಕದ ಕೆಳಗೆ ‘ಸಿಡಿ’ ಎಂಬ ಒಂದು ಅಂಕಿ ಬರೆದಿರುತ್ತಾರೆ. ಎರಡು ಸರಾಸರಿಗಳ ನಡುವಿನ ವ್ಯತ್ಯಾಸ ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಅವು ಬೇರೆ ಬೇರೆ ಎಂದು ಎಣಿಸಬೇಕು. ‘ಎನ್‌ಎಸ್’ ಎಂದು ಬರೆದಿದ್ದರೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ ಎಂದರ್ಥ. ಕೋಷ್ಟಕದಲ್ಲಿ ಇಪ್ಪತ್ತು ಸಾಲು ಇದ್ದರೂ ಮೊದಲು ಕಣ್ಣು ಹಾಯಿಸಬೇಕಾದದ್ದು ಆ ಕೊನೆಯ ಸಾಲಿಗೆ.

ಪಿ ಮೌಲ್ಯದ ಬಗ್ಗೆ ತಪ್ಪು ತಿಳಿವಳಿಕೆ ಹೆಚ್ಚು. ‘ಪಿ 0.05ಕ್ಕಿಂತ ಕಡಿಮೆ’ ಎಂದರೆ ‘ಶೇ 95 ಸತ್ಯ’ ಎಂದಲ್ಲ. ತಳಿಗಳ ನಡುವೆ ನಿಜವಾಗಿ ಯಾವ ವ್ಯತ್ಯಾಸವೂ ಇಲ್ಲದಿದ್ದರೂ ಇಷ್ಟು ದೊಡ್ಡ ಅಥವಾ ಇದಕ್ಕಿಂತ ದೊಡ್ಡ ಅಂತರ ಆಕಸ್ಮಿಕವಾಗಿ ಬರುವ ಸಂಭವ ನೂರಕ್ಕೆ ಐದಕ್ಕಿಂತ ಕಡಿಮೆ, ಇಷ್ಟೇ ಅದರ ಅರ್ಥ. ಇದರಲ್ಲೇ ಒಂದು ಬಲೆಯೂ ಇದೆ. ಯಾವ ಗುಣವೂ ಇಲ್ಲದ ಇಪ್ಪತ್ತು ಔಷಧಿಗಳನ್ನು ಒಂದೊಂದಾಗಿ ಪರೀಕ್ಷಿಸಿದರೂ, ಕನಿಷ್ಠ ಒಂದಾದರೂ ‘ಗೆಲ್ಲುವ’ ಸಂಭವ ಶೇ 64. ಗೆದ್ದ ಒಂದನ್ನೇ ಪರದೆಗೆ ತಂದು ಉಳಿದ ಹತ್ತೊಂಬತ್ತರ ಮಾತೆತ್ತದಿದ್ದರೆ ಕೇಳುಗರಿಗೆ ಗೊತ್ತಾಗುವುದೇ ಇಲ್ಲ. ‘ಒಟ್ಟು ಎಷ್ಟು ಪರೀಕ್ಷಿಸಿದಿರಿ?’ ಎಂಬ ಪ್ರಶ್ನೆಗೆ ಇಲ್ಲಿ ಬೆಲೆ.

ಬೋರ್‌ವೆಲ್ ನೀರು: ಬಾಟಲಿಯಿಂದಲೇ ಶುರುವಾಗುವ ತಪ್ಪು

ಬೀದರ್ ಕಡೆ ನೆಲದಡಿ ಕಪ್ಪುಶಿಲೆ, ಅದರ ಮೇಲೆ ಜಂಬಿಟ್ಟಿಗೆ. ಶಹಾಬಾದ್, ಸೇಡಂ ಸುತ್ತ ಸುಣ್ಣಕಲ್ಲು. ಯಾದಗಿರಿ ಕಡೆ ಹೋದಂತೆ ಗ್ರಾನೈಟ್ ಜಾತಿಯ ಹಳೆಯ ಕಲ್ಲು. ಈ ಕಲ್ಲಿನ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಇರುತ್ತದೆ. ನೀರು ಬಹುಕಾಲ ಕಲ್ಲಿನ ಬಿರುಕಿನಲ್ಲಿ ನಿಂತು, ಅದರಲ್ಲಿ ಕ್ಯಾಲ್ಸಿಯಂ ಕಡಿಮೆಯಾಗಿ ಕ್ಷಾರ ಹೆಚ್ಚಿದಾಗ ಫ್ಲೋರೈಡ್ ಕರಗಿ ಬರುತ್ತದೆ. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಒಂದು ಲೀಟರಿಗೆ 1 ಮಿಲಿಗ್ರಾಂ ಒಪ್ಪಿತ, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ. ಪರದೆಯ ಮೇಲೆ ‘ಪಿಪಿಎಂ’ ಎಂದು ಕಂಡರೆ ನೀರಿನ ಮಟ್ಟಿಗೆ ಅದೂ ಲೀಟರಿಗೆ ಮಿಲಿಗ್ರಾಂ ಎಂದೇ ಓದಿಕೊಳ್ಳಿ.

ನೀರಿನ ಅಧ್ಯಯನದಲ್ಲಿ ಯಂತ್ರಕ್ಕಿಂತ ಮಾದರಿ ಸಂಗ್ರಹದಲ್ಲೇ ಎಡವಟ್ಟು ಹೆಚ್ಚು. ಕೊಳವೆಯಲ್ಲಿ ನಿಂತ ಹಳೆಯ ನೀರು ಹೋಗುವ ತನಕ ಕೆಲವು ನಿಮಿಷ ಬೋರ್ ಓಡಿಸಬೇಕು. ಫ್ಲೋರೈಡ್‌ಗೆ ಪ್ಲಾಸ್ಟಿಕ್ ಬಾಟಲಿಯೇ ಬೇಕು, ಗಾಜಿನೊಂದಿಗೆ ಫ್ಲೋರೈಡ್ ವರ್ತಿಸುತ್ತದೆ. ಲೋಹಗಳನ್ನು ಅಳೆಯುವುದಿದ್ದರೆ ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗಿಳಿಸಬೇಕು, ಇಲ್ಲವಾದರೆ ಲೋಹ ಬಾಟಲಿಯ ಗೋಡೆಗೆ ಅಂಟಿ ಅಳತೆ ಕಡಿಮೆ ಬರುತ್ತದೆ. ಆದರೆ ಆಮ್ಲ ಹಾಕಿದ ಅದೇ ಬಾಟಲಿಯಿಂದ ಕ್ಷಾರ ಅಳೆಯಲಾಗದು. ಆದ್ದರಿಂದ ಒಂದು ಬೋರಿಗೆ ಎರಡು ಮೂರು ಬಾಟಲಿ. ರೋಗಾಣು ಪರೀಕ್ಷೆಗೆ ಕ್ರಿಮಿಶುದ್ಧ ಮಾಡಿದ ಬೇರೆಯದೇ ಬಾಟಲಿ, ಐಸ್ ಡಬ್ಬಿ, ಒಂದು ದಿನದೊಳಗೆ ಪರೀಕ್ಷೆ.

ಅಳತೆ ಸರಿಯೋ ಎಂದು ಪರೀಕ್ಷಿಸುವ ಒಂದು ಸರಳ ಉಪಾಯವಿದೆ. ನೀರಿನಲ್ಲಿ ಕರಗಿದ, ವಿದ್ಯುದಂಶ ಹೊತ್ತ ಕಣಗಳೇ ಅಯಾನುಗಳು. ಧನ ಅಯಾನುಗಳ ಒಟ್ಟು ವಿದ್ಯುದಂಶವೂ ಋಣ ಅಯಾನುಗಳ ಒಟ್ಟು ವಿದ್ಯುದಂಶವೂ ಸಮವಾಗಿರಲೇಬೇಕು. ಎಲ್ಲವನ್ನೂ ಅಳೆದು ಕೂಡಿದಾಗ ಎರಡೂ ಕಡೆಯ ಮೊತ್ತದ ಅಂತರ ಸಾಮಾನ್ಯವಾಗಿ ಶೇ 5ರೊಳಗೆ ಇರಬೇಕು. ಅದಕ್ಕಿಂತ ಬಹಳ ಹೆಚ್ಚಿದ್ದರೆ ಯಾವುದೋ ಒಂದು ಅಳತೆ ತಪ್ಪಿದೆ, ಇಲ್ಲವೇ ಒಂದು ಅಯಾನನ್ನು ಅಳೆದೇ ಇಲ್ಲ. ಮಳೆಗಾಲಕ್ಕೆ ಮೊದಲಿನ ಮತ್ತು ನಂತರದ ಮಾದರಿ ಎರಡೂ ಇದ್ದರೆ ಅಧ್ಯಯನದ ತೂಕ ಹೆಚ್ಚುತ್ತದೆ.

ನ್ಯಾನೊ ಕಣಗಳ ಶಿಖರಗಳು

ಭೌತ, ರಸಾಯನ, ಪದಾರ್ಥ ವಿಜ್ಞಾನದ ದಿನಗಳಲ್ಲಿ ನೀವು ಅತಿ ಹೆಚ್ಚು ನೋಡುವ ಚಿತ್ರ ಎಂದರೆ ಎತ್ತರದ ಚೂಪು ಶಿಖರಗಳಿರುವ ಗೆರೆ. ಇದು ಎಕ್ಸ್‌ರೇ ವಿವರ್ತನೆಯ ನಕ್ಷೆ. ಪುಡಿಯ ಮೇಲೆ ಎಕ್ಸ್‌ರೇ ಬಿಟ್ಟಾಗ ಒಳಗಿನ ಪರಮಾಣುಗಳ ಸಾಲುಗಳಿಂದ ಕಿರಣ ಕೆಲವೇ ಕೋನಗಳಲ್ಲಿ ಬಲವಾಗಿ ಚಿಮ್ಮುತ್ತದೆ. ಯಾವ ಕೋನಗಳಲ್ಲಿ ಎನ್ನುವುದು ಆ ಪದಾರ್ಥದ ಗುರುತು. ತಾಮ್ರದ ಎಕ್ಸ್‌ರೇ ಬಳಸಿದರೆ ಸತುವಿನ ಆಕ್ಸೈಡ್‌ಗೆ ಸುಮಾರು 31.8, 34.4, 36.3 ಡಿಗ್ರಿಗಳಲ್ಲಿ ಮೂರು ಮುಖ್ಯ ಶಿಖರ ಬರುತ್ತವೆ, ಮುಂದಿನ ಕೋನಗಳಲ್ಲಿ ಇನ್ನೂ ಕೆಲವು. ಆ ಪದಾರ್ಥದ ಗುರುತಿಗೆ ಸೇರದ ಒಂದು ಶಿಖರ ಹೆಚ್ಚಾಗಿ ಕಂಡರೆ ಬೇರೆ ಪದಾರ್ಥ ಬೆರೆತಿರಬಹುದು.

ಶಿಖರ ಅಗಲವಾದಷ್ಟೂ ಸ್ಫಟಿಕ ಸಣ್ಣದು. ಆ ಅಗಲದಿಂದ ಅಳತೆ ತೆಗೆದು ‘ಕಣದ ಗಾತ್ರ 20 ನ್ಯಾನೊಮೀಟರ್’ ಎನ್ನುತ್ತಾರೆ. ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಆದರೆ ಹೀಗೆ ಸಿಗುವುದು ಒಂದು ಸ್ಫಟಿಕದ ಗಾತ್ರ. ಒಂದು ಕಣದಲ್ಲಿ ಹಲವು ಸ್ಫಟಿಕ ಅಂಟಿಕೊಂಡಿರಬಹುದು, ಆಗ ಸೂಕ್ಷ್ಮದರ್ಶಕದಲ್ಲಿ ಕಣ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಯಂತ್ರವೇ ಶಿಖರವನ್ನು ಸ್ವಲ್ಪ ಅಗಲ ಮಾಡುತ್ತದೆ, ಅದನ್ನು ಕಳೆಯದಿದ್ದರೆ ಗಾತ್ರ ಇರುವುದಕ್ಕಿಂತ ಕಡಿಮೆ ಬರುತ್ತದೆ.

ಬೇವು, ತುಳಸಿ ಎಲೆಯ ರಸದಿಂದ ನ್ಯಾನೊ ಕಣ ಮಾಡಿ ‘ರೋಗಾಣು ಸತ್ತವು’ ಎಂದು ತೋರಿಸುವ ಕೆಲಸ ಈಗ ಎಲ್ಲೆಡೆ ನಡೆಯುತ್ತದೆ. ತಟ್ಟೆಯಲ್ಲಿ ಬೆಳೆದ ರೋಗಾಣುವಿನ ನಡುವೆ ಖಾಲಿ ವೃತ್ತ ಬೀಳುತ್ತದೆ, ಅದರ ವ್ಯಾಸ ಮಿಲಿಮೀಟರಿನಲ್ಲಿ ಹೇಳುತ್ತಾರೆ. ಅದೇ ತಟ್ಟೆಯಲ್ಲಿ ಇನ್ನೂ ನಾಲ್ಕು ಹೋಲಿಕೆ ಇರಬೇಕು: ಬರೀ ಎಲೆರಸ, ಬರೀ ಲೋಹದ ಲವಣ, ಬರೀ ದ್ರಾವಕ, ಗೊತ್ತಿರುವ ಆ್ಯಂಟಿಬಯಾಟಿಕ್. ಎಲೆರಸ ಒಂದೇ ಅಷ್ಟೇ ದೊಡ್ಡ ವೃತ್ತ ಮಾಡಿದ್ದರೆ ನ್ಯಾನೊ ಕಣದ ಹೆಚ್ಚುಗಾರಿಕೆ ಏನು? ತಟ್ಟೆಯಲ್ಲಿ ರೋಗಾಣು ಕೊಲ್ಲುವುದಕ್ಕೂ ದೇಹದೊಳಗೆ ಔಷಧಿಯಾಗುವುದಕ್ಕೂ ನಡುವೆ ಬಹಳ ಹಂತಗಳಿವೆ, ಬಹಳಷ್ಟು ಪದಾರ್ಥಗಳು ಆ ದಾರಿಯಲ್ಲೇ ಉದುರುತ್ತವೆ.

ಪ್ರಕಟವಾದದ್ದು, ಆಗದ್ದು

ಉಪನ್ಯಾಸದಲ್ಲಿ ಹೇಳಿದ್ದೆಲ್ಲ ತಜ್ಞರ ಪರಿಶೀಲನೆಗೆ ಒಳಗಾಗಿರುವುದಿಲ್ಲ. ನಿಯತಕಾಲಿಕೆಗೆ ಲೇಖನ ಕಳಿಸಿದಾಗ ಅದೇ ಕ್ಷೇತ್ರದ ಇಬ್ಬರು ಮೂವರು ಓದಿ ತಕರಾರು ಎತ್ತುತ್ತಾರೆ, ತಿದ್ದಿ ಮತ್ತೆ ಕಳಿಸಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ. ಅದಕ್ಕೆ ಮೊದಲೇ ಎಲ್ಲರಿಗೂ ಕಾಣುವಂತೆ ಅಂತರಜಾಲದಲ್ಲಿ ಇಡುವುದು ಪ್ರಿಪ್ರಿಂಟ್. ಪರಿಶೀಲನೆ ಆದ ಮೇಲೂ ತಪ್ಪು ಉಳಿಯಬಹುದು, ಬೇರೆ ಪ್ರಯೋಗಾಲಯದಲ್ಲಿ ಮತ್ತೆ ಅದೇ ಫಲಿತಾಂಶ ಬಂದಾಗ ನಂಬಿಕೆ ಗಟ್ಟಿಯಾಗುತ್ತದೆ. ಕೊನೆಯ ಸ್ಲೈಡಿನ ಕೃತಜ್ಞತೆಯನ್ನೂ ಓದಿ. ಹಣ ಕೊಟ್ಟವರು ಸರ್ಕಾರದ ಸಂಸ್ಥೆಯೋ, ಆ ಔಷಧಿ ಮಾರುವ ಕಂಪನಿಯೋ ಅಲ್ಲಿ ಗೊತ್ತಾಗುತ್ತದೆ. ಕಂಪನಿಯ ಹಣ ಎಂದ ಮಾತ್ರಕ್ಕೆ ಫಲಿತಾಂಶ ಸುಳ್ಳಲ್ಲ, ಹೋಲಿಕೆಯ ಚೆಕ್ ಸರಿಯಿತ್ತೇ ಎಂದು ಇನ್ನೊಮ್ಮೆ ನೋಡಬೇಕು, ಅಷ್ಟೇ.

ಪ್ರಶ್ನೆಯ ಹೊತ್ತು, ಆಮೇಲೆ ಹೊಲ

ಪ್ರಶ್ನೆಗೆ ಸಿಗುವುದು ಎರಡು ಮೂರು ನಿಮಿಷ. ಭಾಷಣದಂಥ ಪ್ರಶ್ನೆ ಆ ಹೊತ್ತನ್ನೇ ತಿಂದುಹಾಕುತ್ತದೆ. ‘ಚೆಕ್‌ನಲ್ಲಿ ಎಷ್ಟು?’, ‘ಎಷ್ಟು ಕಡೆ, ಎಷ್ಟು ವರ್ಷ?’, ‘ಯಾವ ಸಂದರ್ಭದಲ್ಲಿ ಇದು ಕೆಲಸ ಮಾಡಲಿಲ್ಲ?’ ಇಂಥ ಒಂದು ಸಾಲಿನ ಪ್ರಶ್ನೆಗೆ ಒಂದು ಸಾಲಿನ ಉತ್ತರ ಸಿಗುತ್ತದೆ. ‘ಇನ್ನೂ ನೋಡಿಲ್ಲ’ ಎಂದು ಸಂಶೋಧಕರು ಹೇಳಿದರೆ ಅದನ್ನು ಸೋಲೆಂದು ತಿಳಿಯಬೇಕಿಲ್ಲ, ಕೆಲಸದ ಎಲ್ಲೆ ಅಲ್ಲಿದೆ ಎಂದು ಗುರುತು ಹಾಕಿಕೊಳ್ಳಿ.

ರೈತರು ಕೇಳುವ ಪ್ರಶ್ನೆ ಬೇರೆ: ಬರುವ ಜೂನ್‌ಗೆ ಈ ಬೀಜ ಬಿತ್ತಬಹುದೇ? ತಳಿಯ ಬಗ್ಗೆ ಉಪನ್ಯಾಸ ಕೇಳಿದ ವರ್ಷವೇ ಬೀಜ ಸಿಗುವುದು ಅಪರೂಪ. ಸಂಶೋಧನಾ ಕೇಂದ್ರದ ತಾಕಿನಲ್ಲಿ ಗೆದ್ದ ತಳಿಯನ್ನು ಹಲವು ಊರುಗಳಲ್ಲಿ, ಹಲವು ಹಂಗಾಮು ಬಿತ್ತಿ ನೋಡುತ್ತಾರೆ. ಮುಂದೆ ರೈತರ ಹೊಲದಲ್ಲಿ ಪರೀಕ್ಷೆ, ಬಿಡುಗಡೆ ಸಮಿತಿಯ ಒಪ್ಪಿಗೆ, ಸರ್ಕಾರದ ಅಧಿಸೂಚನೆ. ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದ ಟಿಎಸ್-3ಆರ್ ತೊಗರಿಯಂಥ ತಳಿಗಳು ಹೊಲಕ್ಕೆ ಇಳಿದದ್ದು ಇಂಥ ದಾರಿಯಲ್ಲೇ.

ಒಪ್ಪಿಗೆ ಸಿಕ್ಕ ಮೇಲೂ ಬೀಜ ಹೆಚ್ಚಿಸಬೇಕು. ತಳಿ ರೂಪಿಸಿದವರ ಉಸ್ತುವಾರಿಯಲ್ಲಿ ತಳಿವರ್ಧಕ ಬೀಜ, ಅದರಿಂದ ಮೂಲ ಬೀಜ, ಅದರಿಂದ ಪ್ರಮಾಣಿತ ಬೀಜ. ಒಂದೊಂದಕ್ಕೆ ಒಂದೊಂದು ಹಂಗಾಮು ಬೇಕು. ಚೀಲಕ್ಕೆ ಹೊಲಿದ ಚೀಟಿಯ ಬಣ್ಣದಿಂದ ಇವನ್ನು ಗುರುತಿಸಬಹುದು: ತಳಿವರ್ಧಕ ಬೀಜಕ್ಕೆ ಹಳದಿ, ಮೂಲ ಬೀಜಕ್ಕೆ ಬಿಳಿ, ಪ್ರಮಾಣಿತ ಬೀಜಕ್ಕೆ ನೀಲಿ. ಬಿತ್ತನೆಗೆ ಕೊಳ್ಳುವಾಗ ಸಾಮಾನ್ಯವಾಗಿ ಕೈಗೆ ಸಿಗುವುದು ನೀಲಿ ಚೀಟಿಯದು. ಚೀಟಿಯ ಮೇಲೆ ತಳಿಯ ಹೆಸರು, ಮೊಳಕೆ ಪ್ರಮಾಣ, ಎಷ್ಟು ದಿನದವರೆಗೆ ಬಿತ್ತಬಹುದು ಎಂಬ ದಿನಾಂಕ ಇರುತ್ತವೆ. ಹೊಲಿಗೆ ಬಿಚ್ಚುವ ಮೊದಲು ಈ ಮೂರನ್ನು ಓದಿ, ಬೆಳೆ ಕೈಗೆ ಬರುವ ತನಕ ರಸೀದಿಯ ಜೊತೆ ಚೀಟಿಯನ್ನೂ ಎತ್ತಿಡಿ. ಮೊಳಕೆ ಕಡಿಮೆ ಬಂತೆಂದೋ, ತಳಿ ಬೇರೆಯಾಯಿತೆಂದೋ ದೂರು ಕೊಡಬೇಕಾಗಿ ಬಂದರೆ ಕೇಳುವುದು ಅವೆರಡನ್ನೇ.